ಕುದುರೆಯ ಕೈಯಲ್ಲಿ ಏನಿದೆ?

‘ಮಂಕುತಿಮ್ಮನ ಕಗ್ಗ’ ಕನ್ನಡದ ಭಗವದ್ಗೀತೆ ಎನ್ನುವವರ ಜೊತೆ ನನಗೆ ಜಗಳವಿಲ್ಲ. ಭಕ್ತಿಯಿಂದ ಕೊಟ್ಟ ಬಿರುದು, ಇರಲಿ. ನನ್ನ ತಕರಾರು ಈಚೆಗೆ ಆ ಪುಸ್ತಕದ ಹೆಗಲಿಗೆ ಹೊರಿಸಿರುವ ಇನ್ನೊಂದು ಕೆಲಸದ ಬಗ್ಗೆ. ನೌಕರಿ ಉಳಿಯುತ್ತದೋ ಇಲ್ಲವೋ, ಮಗಳಿಗೆ ಸೀಟು ಸಿಗುತ್ತದೋ ಇಲ್ಲವೋ, ಡಾಕ್ಟರು ಬರೆದುಕೊಟ್ಟ ಸ್ಕ್ಯಾನಿನಲ್ಲಿ ಏನು ಬರುತ್ತದೋ ಎಂದು ಯಾರಾದರೂ ಕಂಗಾಲಾಗಿ ಕೂತರೆ ಸಾಕು, ವಾಟ್ಸ್ಆ್ಯಪಿನಲ್ಲಿ ಒಂದು ಕಗ್ಗ ಬಂದು ಬೀಳುತ್ತದೆ. ಕೆಳಗೆ ಒಕ್ಕಣೆ: ನಿಮ್ಮ ಕೈಲಿರುವುದನ್ನು ಮಾಡಿ, ಉಳಿದದ್ದರ ಚಿಂತೆ ಬಿಡಿ. ಕಂಪನಿಗಳ ತರಬೇತಿ ಶಿಬಿರಗಳಲ್ಲಿ ಸ್ಟೀಫನ್ ಕೋವಿ 1989ರ ತಮ್ಮ ಪುಸ್ತಕದಲ್ಲಿ ಬರೆದ ಎರಡು ವೃತ್ತಗಳನ್ನು, ಅಂದರೆ ನಮ್ಮ ಕಾಳಜಿಯ ದೊಡ್ಡ ವೃತ್ತ ಮತ್ತು ಅದರೊಳಗೆ ನಮ್ಮ ಪ್ರಭಾವಕ್ಕೆ ಸಿಗುವ ಚಿಕ್ಕ ವೃತ್ತವನ್ನು, ತೋರಿಸಿ ಪಕ್ಕದಲ್ಲೇ ಡಿವಿಜಿಯವರ ಚೌಪದಿಯನ್ನು ಹಾಕುತ್ತಾರೆ. ಎರಡೂ ಒಂದೇ ಮಾತು ಹೇಳುತ್ತವೆ ಎಂಬ ಭರವಸೆ ಅವರಿಗೆ. ನನಗೆ ಆ ಭರವಸೆ ಇಲ್ಲ.

ಹೀಗೆ ಬಳಕೆಗೆ ಬರುವ ಪದ್ಯಗಳಲ್ಲಿ ಮುಂಚೂಣಿಯದು ಜಟಕಾ ಬಂಡಿಯ ಪದ್ಯ. ಟೀವಿ ಕಾರ್ಯಕ್ರಮವೊಂದಕ್ಕೆ ಹೆಸರು ಕೊಡುವಷ್ಟು ಪ್ರಸಿದ್ಧ. ಓದುಗರಿಗೆ ಬಾಯಿಪಾಠವಿರುವ ಪದ್ಯವಾದ್ದರಿಂದ ಸಾರ ಹೇಳಿದರೆ ಸಾಕು: ಬದುಕು ಬಂಡಿ, ವಿಧಿ ಅದನ್ನು ಹೊಡೆಯುವ ಸಾಹೇಬ, ನೀನು ಕುದುರೆ. ಹತ್ತುವವರು ಯಾರೆಂಬುದೂ ಅವನ ಮಾತಿನಂತೆ. ಮದುವೆ ಮನೆಗಾಗಲಿ, ಸುಡುಗಾಡಿಗಾಗಲಿ, ಹೇಳಿದ ಕಡೆ ಓಡಬೇಕು. ಕಾಲು ಕುಸಿದರೆ ನೆಲ ಇದ್ದೇ ಇದೆ.

ಉಪನ್ಯಾಸ ಕೇಳಿ ತಲೆದೂಗುವವರು ಈ ಬಂಡಿಯಲ್ಲಿ ತಮ್ಮನ್ನು ಎಲ್ಲಿ ಕೂರಿಸಿಕೊಳ್ಳುತ್ತಾರೆ ಎಂದು ಗಮನಿಸಿದ್ದೇನೆ. ಒಳಗೆ, ಹುಲ್ಲಿನ ಮೆತ್ತೆಯ ಮೇಲೆ, ಪಯಣಿಗರ ಜಾಗದಲ್ಲಿ. ಬಂಡಿ ಎಲ್ಲಿಗೆ ಹೋದರೇನು, ದಾರಿಯುದ್ದ ನೆಮ್ಮದಿಯಾಗಿ ಕೂರೋಣ ಎಂಬ ಅರ್ಥ ಆಗ ಸಲೀಸಾಗಿ ಹೊರಡುತ್ತದೆ. ಆದರೆ ಕವಿ ನಮ್ಮನ್ನು ಕೂರಿಸಿಲ್ಲ, ಬಂಡಿಗೆ ಹೂಡಿದ್ದಾರೆ. ಹಳೇ ಬೆಂಗಳೂರು, ಮೈಸೂರಿನ ಜಟಕಾ ಕುದುರೆಯನ್ನು ಕಂಡವರಿಗೆ ಇದರ ಬಿಸಿ ತಿಳಿದೀತು: ಕಣ್ಣಿನ ಪಕ್ಕದಲ್ಲಿ ಪಟ್ಟಿ, ಬಾಯಲ್ಲಿ ಕಡಿವಾಣ, ಬೆನ್ನ ಮೇಲೆ ಚಾವಟಿ. ದಾರಿ ಅದರದಲ್ಲ, ಬಾಡಿಗೆ ಅದರದಲ್ಲ, ಎಲ್ಲಿ ನಿಲ್ಲಬೇಕೆಂಬುದೂ ಅದರದಲ್ಲ. ಪಕ್ಕಕ್ಕೆ ನೋಡುವ ಸ್ವಾತಂತ್ರ್ಯವೂ ಇಲ್ಲ.

ಹಾಗಾದರೆ ಕುದುರೆಯ ಕೈಯಲ್ಲಿ ಉಳಿದದ್ದೇನು? ಹೆಜ್ಜೆ. ಬರೀ ಹೆಜ್ಜೆ. ಮೊದಲ ಮೂರು ಸಾಲು ಒಂದೊಂದನ್ನೇ ಕಿತ್ತುಕೊಳ್ಳುತ್ತ ಬಂದು ಇಷ್ಟನ್ನು ಮಾತ್ರ ಬಿಟ್ಟಿವೆ. ಪದ್ಯ ಇಲ್ಲಿಗೇ ಮುಗಿದಿದ್ದರೆ ಶಿಬಿರದವರ ಅರ್ಥ ಸರಿ: ಹೆಜ್ಜೆ ನಿನ್ನದು, ಅದನ್ನು ಚೆನ್ನಾಗಿ ಇಡು, ಗುರಿ ಸಾಹೇಬನಿಗೆ ಬಿಡು. ಮುಗಿದಿಲ್ಲ. ನಾಲ್ಕನೇ ಸಾಲು ಸೀದಾ ಆ ಹೆಜ್ಜೆಗೇ ಕೈ ಹಾಕುತ್ತದೆ. ಕುಸಿಯುವುದು ಕಾಲು. ನನ್ನ ಹಿಡಿತದಲ್ಲಿದೆ ಎಂದು ಕೊನೆಯದಾಗಿ ನೆಚ್ಚಿಕೊಂಡದ್ದೇ ಕೈಕೊಡುವುದನ್ನು ಡಿವಿಜಿ ಇಲ್ಲಿ ತೋರಿಸುತ್ತಾರೆ.

ಛಂದಸ್ಸನ್ನು ನೋಡಿದರೆ ಇದು ಆಕಸ್ಮಿಕವಲ್ಲ ಎನ್ನಿಸುತ್ತದೆ. ಕಗ್ಗದ್ದು ಐದೈದು ಮಾತ್ರೆಯ ಗಣಗಳ ನಡೆ. ನಾಲ್ಕನೇ ಸಾಲಿನಲ್ಲಿ ಅಂಕಿತಕ್ಕೆ ಜಾಗ ಬಿಟ್ಟರೆ ಕವಿಗೆ ಸಿಗುವುದು ಎರಡು ಗಣ, ಹತ್ತು ಮಾತ್ರೆ. ಆ ಹತ್ತರಲ್ಲಿ ಐದು ಕಾಲು ಕುಸಿಯಲು, ಐದು ನೆಲ ಸಿಗಲು. ನಡುವೆ ಉಸಿರಾಡಲು ತೆರಪಿಲ್ಲ. ಬದುಕು, ಕುದುರೆ, ಮದುವೆ ಎಂದು ದಕಾರದ ಪ್ರಾಸದಲ್ಲಿ ಟಕಟಕ ಓಡಿಬಂದ ಪದ್ಯ ಅದೇ ಪ್ರಾಸದಲ್ಲಿ ಪದದ ಮೇಲೆ ಮುಗ್ಗರಿಸುತ್ತದೆ. ಓಟ, ಬೀಳು ಎರಡೂ ಒಂದೇ ಲಯದಲ್ಲಿ.

ಇನ್ನು ಆ ನೆಲ. ಬಿದ್ದವನನ್ನು ಭೂಮಿತಾಯಿ ಮಡಿಲಲ್ಲಿ ಹಿಡಿದುಕೊಳ್ಳುತ್ತಾಳೆ, ಆದ್ದರಿಂದ ಅಂಜಬೇಡ ಎಂದು ವ್ಯಾಖ್ಯಾನಿಸುವವರಿದ್ದಾರೆ. ಸಭೆಯಲ್ಲಿ ಕಣ್ಣೀರು ತರಿಸಲು ಒಳ್ಳೆಯ ಅರ್ಥ. ನನಗೆ ಅಲ್ಲಿ ಕೇಳುವುದು ಕುಹಕದ ನಗು. ಬೀಳಲು ಜಾಗಕ್ಕೇನು ಕೊರತೆ ಎಂದು ಹಳ್ಳಿಯ ಹಿರಿಯರು ಹೇಳುವ ಧಾಟಿ ಅದು. ಮಡಿಲು ಎನ್ನುವುದಾದರೆ ಕವಿ ಮಡಿಲು ಎನ್ನುತ್ತಿದ್ದರು. ಪದಸಂಪತ್ತಿಗೆ ಬರವಿದ್ದ ಕವಿಯಲ್ಲ. ಮಂಕ ಎಂದು ತನ್ನನ್ನೇ ಕರೆದುಕೊಂಡು ಮುಗಿಸುವ ಪದ್ಯಕ್ಕೆ ಆ ಒಣ ನಗುವೇ ಹೊಂದುತ್ತದೆ. ಎರಡೂ ಅರ್ಥ ಸಾಧ್ಯ ಎಂದು ಒಪ್ಪಬಹುದು, ಆದರೆ ಸಾಂತ್ವನದ ಅರ್ಥವೊಂದನ್ನೇ ಇಟ್ಟುಕೊಂಡರೆ ಪದ್ಯದ ಹಲ್ಲು ಕಿತ್ತಂತೆ.

ಕೈಲಿರುವುದು, ಕೈಮೀರಿದ್ದು ಎಂಬ ಗೆರೆಯನ್ನು ಗಟ್ಟಿಯಾಗಿ ಎಳೆದವನು ಎಪಿಕ್ಟೀಟಸ್. ಗುಲಾಮನಾಗಿ ಬದುಕಿದವನು, ಶಿಷ್ಯ ಆರಿಯನ್ ಸಂಗ್ರಹಿಸಿದ ಅವನ ಕೈಪಿಡಿ ಆರಂಭವಾಗುವುದೇ ಈ ವಿಂಗಡಣೆಯಿಂದ. ದೇಹ, ಆಸ್ತಿ, ಕೀರ್ತಿ, ಅಧಿಕಾರ ನಮ್ಮವಲ್ಲ. ನಮ್ಮ ಅಭಿಪ್ರಾಯ, ಬಯಕೆ, ಬೇಡವೆನ್ನುವಿಕೆ ನಮ್ಮವು. ದೇಹವನ್ನೇ ಬಿಟ್ಟುಕೊಟ್ಟ ಧೀರ ಅವನು, ಆದರೆ ಮನಸ್ಸಿನೊಳಗೆ ಒಂದು ಕೋಟೆಯನ್ನು ಉಳಿಸಿಕೊಂಡ. ಡಿವಿಜಿ ಕುದುರೆಗೆ ಆ ಕೋಟೆಯನ್ನೂ ಕೊಡುವುದಿಲ್ಲ. ಅವರ ಬೆನ್ನಿಗಿರುವ ಗೀತೆಯೂ ಕೊಡುವುದಿಲ್ಲ ಎಂಬುದನ್ನು ಮರೆಯುತ್ತೇವೆ. ಎರಡನೇ ಅಧ್ಯಾಯದ 47ನೇ ಶ್ಲೋಕವನ್ನು ಉದ್ಧರಿಸುವವರು ಹದಿನೆಂಟನೇ ಅಧ್ಯಾಯಕ್ಕೆ ಹೋಗುವುದು ಅಪರೂಪ. ಯಾವ ಕೆಲಸಕ್ಕೂ ಐದು ಕಾರಣಗಳು, ಕರ್ತೃ ಅವುಗಳಲ್ಲಿ ಒಬ್ಬ, ಐದನೆಯದು ದೈವ ಎಂದು ಅಲ್ಲಿದೆ. ಫಲ ಹಾಗಿರಲಿ, ಪ್ರಯತ್ನವೇ ಪೂರ್ತಿ ನನ್ನದಲ್ಲ ಎಂದಾಯಿತು. ‘ಜೀವನಧರ್ಮಯೋಗ’ ಬರೆದು 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರಿಗೆ ಇದು ತಿಳಿಯದ್ದೇನಲ್ಲ.

ಇಲ್ಲಿ ನಮ್ಮ ವಿಮರ್ಶಕರ ಬಗ್ಗೆ ಒಂದು ಮಾತು ಆಡಲೇಬೇಕು. ಕಗ್ಗವನ್ನು ಭಾಷಣಕಾರರ ಕೈಗೆ ಕೊಟ್ಟವರು ಅವರೇ. ನವ್ಯದ ಭರಾಟೆಯಲ್ಲಿ ಅದು ಸುಭಾಷಿತ, ಕಾವ್ಯವಲ್ಲ ಎಂದು ಪಕ್ಕಕ್ಕಿಟ್ಟರು. ಆಮೇಲೆ ಬಂದವರಲ್ಲಿ ಕೆಲವರು ವಿಧಿವಾದ ಎಂದು ಬೈದರು: ಹೇಳಿದ ಕಡೆ ಓಡು ಎನ್ನುವುದು ಉಳ್ಳವರಿಗೆ ಅನುಕೂಲವಾದ ಉಪದೇಶ, ಶೋಷಣೆಗೆ ಒಪ್ಪಿಗೆ ಎಂದು. ಪಕ್ಕಾ ಎಡಪಂಥೀಯ ಗೆಳೆಯರೊಬ್ಬರು ಜಟಕಾ ಪದ್ಯ ಕೇಳಿದಾಗಲೆಲ್ಲ ಕುದುರೆ ಒದೆಯಬೇಕಿತ್ತು ಎನ್ನುತ್ತಾರೆ. ಸೊಗಸಾದ ಮಾತು, ನಕ್ಕಿದ್ದೇನೆ. ಆದರೆ ವಿಧಿವಾದ ಎಂದು ಬೈಯುವವರೂ ನೆಮ್ಮದಿಯ ಸೂತ್ರ ಎಂದು ಹೊಗಳುವವರೂ ಮಾಡುವ ತಪ್ಪು ಒಂದೇ. ಇಬ್ಬರೂ ಪದ್ಯವನ್ನು ಸಲಹೆ ಎಂದು ಓದುತ್ತಾರೆ; ಒಬ್ಬರಿಗೆ ಕೆಟ್ಟ ಸಲಹೆ, ಇನ್ನೊಬ್ಬರಿಗೆ ಒಳ್ಳೆಯದು. ಅನಿಶ್ಚಿತತೆಯ ಚಿತ್ರವೊಂದು ಅಲ್ಲಿದೆ, ಅದರಲ್ಲಿ ಕವಿಯೂ ಕಟ್ಟಿಹಾಕಿಸಿಕೊಂಡಿದ್ದಾನೆ ಎಂಬುದನ್ನು ಯಾರೂ ನೋಡುವುದಿಲ್ಲ. ನಲವತ್ತು ಪುಟ ಪಾಶ್ಚಾತ್ಯ ಅಸಂಗತವಾದ ಬರೆಯಬಲ್ಲ ನಮ್ಮ ಪ್ರಾಧ್ಯಾಪಕರಿಗೆ ಈ ನಾಲ್ಕು ಸಾಲಿನ ಅಸಂಗತ ಕಾಣದೆ ಹೋದದ್ದು ನನಗೆ ಇವತ್ತಿಗೂ ಸೋಜಿಗ.

ಚಿಕ್ಕ ವೃತ್ತದೊಳಗೆ ಇರಿ ಎಂಬ ಉಪದೇಶಕ್ಕೆ ಡಿವಿಜಿಯವರ ಬದುಕೂ ಸಾಕ್ಷಿ ಹೇಳುವುದಿಲ್ಲ. ಪತ್ರಿಕೆ ನಡೆಸಿದವರು, ಮೈಸೂರು ಸಂಸ್ಥಾನದ ವಿಧಾನ ಪರಿಷತ್ತಿನಲ್ಲಿ ಕೂತವರು. ಕಗ್ಗ ಅಚ್ಚಾದದ್ದು 1943ರಲ್ಲಿ, ಮಹಾಯುದ್ಧದ ನಡುವೆ. ಎರಡು ವರ್ಷಕ್ಕೆ, 1945ರಲ್ಲಿ, ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಸ್ವಾತಂತ್ರ್ಯ ಇನ್ನೂ ಬಂದಿರದ ದೇಶದಲ್ಲಿ ಪ್ರಜೆಗಳಿಗೆ ರಾಜ್ಯಶಾಸ್ತ್ರ ಕಲಿಸಲು ಹೊರಟವರು ತಮ್ಮ ಹಿಡಿತದಲ್ಲಿದ್ದುದರ ಮೇಲಷ್ಟೇ ಗಮನ ಇಟ್ಟಿದ್ದರೆ? ಹುಲ್ಲಾಗು, ಮಲ್ಲಿಗೆಯಾಗು ಎಂಬ ಆ ಇನ್ನೊಂದು ಜನಪ್ರಿಯ ಪದ್ಯದಲ್ಲೂ ಕಷ್ಟದ ಮಳೆಗೆ ಕಲ್ಲಾಗುವ ಮಾತಿನ ಹಿಂದೆಯೇ ದುರ್ಬಲರಿಗೆ ಸಿಹಿಯಾಗುವ ಮಾತಿದೆ. ಒತ್ತಡ ನಿರ್ವಹಣೆಯ ಭಾಷಣಗಳಲ್ಲಿ ಕಲ್ಲು ಉಳಿಯುತ್ತದೆ, ಸಕ್ಕರೆ ಬಿಟ್ಟುಹೋಗುತ್ತದೆ.

ಪುಸ್ತಕದ ದೋಷಗಳನ್ನು ಮುಚ್ಚಿಡಬೇಕಿಲ್ಲ. 945 ಪದ್ಯಗಳು ಬಹಳವಾಯಿತು. ಹೇಳಿದ್ದನ್ನೇ ಹೇಳುವುದುಂಟು, ಅಂಕಿತ ಎಷ್ಟೋ ಕಡೆ ಬರೀ ಪೂರ್ಣವಿರಾಮದ ಕೆಲಸ ಮಾಡುತ್ತದೆ, ಸಲೀಸಾಗಿ ಸಮಾಧಾನ ಹೇಳಿ ಮುಗಿಸುವ ಪದ್ಯಗಳೂ ಧಾರಾಳವಾಗಿವೆ. ವಾಟ್ಸ್ಆ್ಯಪಿಗೆ ಹೋಗುವುದು ಅವೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಜಟಕಾ ಪದ್ಯವನ್ನು ಆ ಸಾಲಿಗೆ ಸೇರಿಸಿದ್ದು ಅನ್ಯಾಯ. ನಿಯಂತ್ರಣದ ಪಾಠ ಬೇಕಾದವರು ಕೋವಿಯ ವೃತ್ತಗಳನ್ನೇ ಇಟ್ಟುಕೊಳ್ಳಲಿ, ಅವು ಆ ಕೆಲಸಕ್ಕೇ ಬರೆದವು. ಕಗ್ಗ ಬೇಕಾದವರು ದಿನಕ್ಕೊಂದರಂತೆ ಆಯ್ದುಕೊಳ್ಳುವುದನ್ನು ಬಿಟ್ಟು ಮೊದಲ ಪುಟದಿಂದ ಓದಲಿ. ದೇವರಿಗೆ ಕೈಮುಗಿದು ಎದ್ದ ಕವಿ ನಾಲ್ಕನೇ ಪದ್ಯಕ್ಕೇ ಪ್ರಶ್ನೆ ಕೇಳಲು ಶುರುಮಾಡುತ್ತಾರೆ.