ಗಂಧದ ಗುಡಿಯ ಕಾಡು

ಹೊಡೆದಾಟ ಯಾವುದಕ್ಕಾಗಿ ಎಂಬುದು ನೋಡುಗರ ಎದೆಗೆ ನಾಟಿದಾಗ ಸಾಹಸ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ. 1973ರ ‘ಗಂಧದ ಗುಡಿ’ ಇದಕ್ಕೆ ಕನ್ನಡದ ಅತ್ಯುತ್ತಮ ಉದಾಹರಣೆ. ಎಂ.ಪಿ. ಶಂಕರ್ ನಿರ್ಮಿಸಿ, ವಿಜಯ್ ನಿರ್ದೇಶಿಸಿದ ಈ ಚಿತ್ರದ ನಾಯಕ ಅರಣ್ಯಾಧಿಕಾರಿ; ಅವನ ಹಗೆ ಕಾಡು ದೋಚುವ ಕಳ್ಳರೊಂದಿಗೆ. ರಾಜ್‌ಕುಮಾರ್ ಜೀಪು ಓಡಿಸುತ್ತ ಹಾಡುವ ದೃಶ್ಯವನ್ನೇ ನೋಡಬೇಕು. ಚಿ. ಉದಯಶಂಕರ್ ಅವರ ಸಾಹಿತ್ಯ, ರಾಜನ್-ನಾಗೇಂದ್ರ ಅವರ ಸಂಗೀತ, ಪಿ.ಬಿ. ಶ್ರೀನಿವಾಸ್ ಅವರ ಕಂಠ. ತೆರೆಯ ಮೇಲೆ ಹಸಿರು ಕಾಡು, ಅದರ ಪ್ರಾಣಿಗಳು. ಕಾಡಿನ ಮೇಲೆ ಪ್ರೀತಿ ಹುಟ್ಟಿಬಿಡುವುದರಿಂದ ಮುಂದಿನ ಒಂದೊಂದು ಏಟಿಗೂ ತೂಕ ಬರುತ್ತದೆ. ಎದುರು ನಿಲ್ಲುವವರು ವಿಷ್ಣುವರ್ಧನ್; ಕಥೆ ಇನ್ನಷ್ಟು ಬಿಗಿಯಾಗುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದು ದೂರದ ಕಥೆಯಲ್ಲ. ಗುಡಿಗಾರರು ಗಂಧದ ಕೊರಡಿನಲ್ಲಿ ದೇವರನ್ನು, ಬಳ್ಳಿಯನ್ನು ಬಿಡಿಸುವ ಸೀಮೆ ಇದು. ಬೆಟ್ಟದ ಸೊಪ್ಪಿಲ್ಲದೆ ಇಲ್ಲಿನ ಅಡಿಕೆ ತೋಟವಿಲ್ಲ. ಚಿತ್ರ ಬಂದ ಹತ್ತು ವರ್ಷಕ್ಕೆ, 1983ರ ಸೆಪ್ಟೆಂಬರ್‌ನಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಕಡಿತ ತಡೆದರು. ಅದೇ ಅಪ್ಪಿಕೋ ಚಳವಳಿ. ಕಾಡನ್ನೇ ಮುಖ್ಯ ಪಾತ್ರವಾಗಿಸಿದ ಜನಪ್ರಿಯ ಸಾಹಸ ಚಿತ್ರಗಳಲ್ಲಿ ‘ಗಂಧದ ಗುಡಿ’ಯನ್ನು ಮೀರಿಸುವಂಥದ್ದು ಕನ್ನಡದಲ್ಲಿ ಇನ್ನೂ ಬಂದಿಲ್ಲ.