ಉಪಭೋಗವು ಭೋಗವಾದಾಗ: ಹಳೆಯ ಗಣಕಯಂತ್ರ ಮತ್ತು ಹೊಸ ಕಾರ್ಯವ್ಯವಸ್ಥೆ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸಿ ಹೇಳಿದ್ದಾರೆ. ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ. ಆಹಾರವು ಈ ಬಗೆಯದು. ಮತ್ತೆ ಮತ್ತೆ ಅನುಭವಿಸಲು ಬರುವಂಥದು ಉಪಭೋಗ. ಉಡುವ ವಸ್ತ್ರವು ಈ ಬಗೆಯದು. ಶ್ರಾವಕನು ಇವೆರಡಕ್ಕೂ ಪರಿಮಿತಿಯನ್ನು ಹಾಕಿಕೊಳ್ಳಬೇಕೆಂಬುದು ಗುಣವ್ರತಗಳಲ್ಲಿ ಒಂದು. ಇಂದು ಅಂಗಡಿ, ಕಚೇರಿ, ಮನೆಗಳಲ್ಲಿ ನೆಲೆಸಿರುವ ಗಣಕಯಂತ್ರವನ್ನು ಈ ಎರಡರಲ್ಲಿ ಯಾವ ಪಂಗಡಕ್ಕೆ ಸೇರಿಸಬೇಕು? ನಿಸ್ಸಂದೇಹವಾಗಿ ಅದು ಉಪಭೋಗದ ವಸ್ತು. ಕಪಾಟಿನಂತೆ, ತಕ್ಕಡಿಯಂತೆ, ಹೊಲಿಗೆಯ ಯಂತ್ರದಂತೆ ವರ್ಷಾನುಗಟ್ಟಲೆ ಬಳಸಲೆಂದು ಅದನ್ನು ಕೊಳ್ಳುತ್ತಾರೆ. ಆದರೆ ಅದರೊಳಗೆ ಕುಳಿತು ಅದನ್ನು ನಡೆಸುವ ಕಾರ್ಯವ್ಯವಸ್ಥೆಯು ಇತ್ತೀಚಿನ ವರ್ಷಗಳಲ್ಲಿ ಬದಲಾಗುತ್ತಿರುವ ರೀತಿಯನ್ನು ನೋಡಿದರೆ, ಉಪಭೋಗದ ವಸ್ತುವೊಂದನ್ನು ಬಲವಂತವಾಗಿ ಭೋಗದ ವಸ್ತುವನ್ನಾಗಿ ಮಾಡಲಾಗುತ್ತಿದೆಯೇ ಎಂಬ ಪ್ರಶ್ನೆ ಏಳುತ್ತದೆ.

೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ ಎಂಬ ಕಾರ್ಯವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ರಕ್ಷಣೆಯನ್ನು ಸಂಸ್ಥೆಯು ಪ್ರಕಟಿಸಿತು. ಆದರೆ ಮುಂದಿನ ವ್ಯವಸ್ಥೆಯಾದ ವಿಂಡೋಸ್ ೧೧, ೨೦೨೧ರ ಅಕ್ಟೋಬರ್‌ನಲ್ಲಿ ಹೊರಬಂದಾಗಲೇ ಒಂದು ಗೆರೆಯನ್ನು ಎಳೆದಿತ್ತು. ಟಿಪಿಎಂ ೨.೦ ಎಂಬ ಭದ್ರತಾ ಬಿಲ್ಲೆ ಇರಬೇಕು. ಇಂಟೆಲ್ ಸಂಸ್ಕಾರಕವಾದರೆ, ಕೆಲವೇ ಅಪವಾದಗಳನ್ನು ಬಿಟ್ಟು, ಎಂಟನೆಯ ತಲೆಮಾರಿನದು ಅಥವಾ ಅದಕ್ಕಿಂತ ಈಚಿನದಾಗಿರಬೇಕು. ಆ ಎಂಟನೆಯ ತಲೆಮಾರು ಮಾರುಕಟ್ಟೆಗೆ ಬಂದದ್ದು ೨೦೧೭ರ ಉತ್ತರಾರ್ಧದಲ್ಲಿ. ಅಂದರೆ ೨೦೧೭ರ ಆರಂಭದಲ್ಲಿ ಕೊಂಡ ಉತ್ತಮ ಯಂತ್ರವು ನಾಲ್ಕು ವರ್ಷ ಕಳೆದು ಐದು ವರ್ಷ ತುಂಬುವ ಮೊದಲೇ 'ಅನರ್ಹ'ವೆನಿಸಿತು. ಈ ಬಗೆಯ ನಿರ್ಬಂಧದಿಂದ ಸುಮಾರು ೨೪ ಕೋಟಿ ಗಣಕಯಂತ್ರಗಳು ಕಸಕ್ಕೆ ಸೇರಬಹುದೆಂದು ಮಾರುಕಟ್ಟೆ ಅಧ್ಯಯನ ಸಂಸ್ಥೆಯಾದ ಕ್ಯಾನಲಿಸ್ ೨೦೨೩ರ ಡಿಸೆಂಬರ್‌ನಲ್ಲಿ ಅಂದಾಜು ಮಾಡಿತ್ತು.

ಸವಕಳಿಯ ಲೆಕ್ಕ ಮತ್ತು ನಿಜವಾದ ಆಯುಷ್ಯ

ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿಯೂ ಗಣಕಯಂತ್ರದ ಆಯುಷ್ಯ ಕಿರಿದೇ. ೨೦೧೩ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯು ಮೇಜಿನ ಗಣಕಕ್ಕೂ ಮಡಿಲ ಗಣಕಕ್ಕೂ ಮೂರು ವರ್ಷಗಳ ಉಪಯುಕ್ತ ಅವಧಿಯನ್ನು ಹೇಳುತ್ತದೆ. ಆದರೆ ಸವಕಳಿಯೆಂಬುದು ಬಂಡವಾಳದ ವೆಚ್ಚವನ್ನು ವರ್ಷಗಳಿಗೆ ಹಂಚುವ ಒಂದು ಪದ್ಧತಿ. ಅದು ವಸ್ತುವಿನ ಮರಣದ ದಿನಾಂಕವಲ್ಲ. ಪುಸ್ತಕದಲ್ಲಿ ಬೆಲೆ ಕಳೆದುಕೊಂಡ ತಕ್ಕಡಿಯು ಅಂಗಡಿಯಲ್ಲಿ ಸರಿಯಾಗಿಯೇ ತೂಗುತ್ತಿರುತ್ತದೆ. ಅದನ್ನು ಎಸೆಯುವ ವ್ಯಾಪಾರಿಯನ್ನು ಜಾಣನೆಂದು ಯಾರೂ ಕರೆಯುವುದಿಲ್ಲ. ಗಣಕಯಂತ್ರದ ವಿಷಯದಲ್ಲಿ ಮಾತ್ರ 'ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ' ಎಂಬ ಒಂದೇ ಮಾತಿಗೆ ಎಲ್ಲರೂ ತಲೆಬಾಗುತ್ತಾರೆ. ಆ ಮಾತನ್ನು ಒಪ್ಪುವ ಮುನ್ನ ದೋಷವು ಎಲ್ಲಿದೆಯೆಂದು ಪರೀಕ್ಷಿಸುವುದು ವಿವೇಕ.

ಹಳೆಯ ಯಂತ್ರಗಳ ದೋಷಗಳು ಬಹುಮಟ್ಟಿಗೆ ಚಿಕ್ಕವು. ಒಂದು ಉದಾಹರಣೆ: ಯಂತ್ರವು ಚಾಲೂ ಆಗುತ್ತದೆ, ಆದರೆ ಬ್ಯಾಂಕಿನ ಮತ್ತು ತೆರಿಗೆಯ ತಾಣಗಳು ತೆರೆಯುವುದಿಲ್ಲ, 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಮೂಡುತ್ತದೆ. ನೋಡಿದವರು ಯಂತ್ರದ ಕಾಲ ಮುಗಿಯಿತೆನ್ನುತ್ತಾರೆ. ಪರದೆಯ ಮೂಲೆಯ ದಿನಾಂಕವನ್ನು ನೋಡಿದರೆ ಅದು ಹದಿನೈದು ವರ್ಷ ಹಿಂದೆ ಸರಿದಿರುತ್ತದೆ. ತಾಯಿಹಲಗೆಯ ಮೇಲೆ ಸಿಆರ್ ೨೦೩೨ ಎಂಬ ನಾಣ್ಯದಾಕಾರದ ಮೂರು ವೋಲ್ಟಿನ ಒಂದು ಕೋಶವಿರುತ್ತದೆ. ವಿದ್ಯುತ್ತು ಇಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದೇ. ಅದು ಬರಿದಾದರೆ ಗಡಿಯಾರವು ಹಿಂದಿನ ಕಾಲಕ್ಕೆ ಹೋಗುತ್ತದೆ. ತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಇನ್ನೂ ಆರಂಭವಾಗಿಲ್ಲವೆಂದು ಯಂತ್ರವು ತಿಳಿಯುತ್ತದೆ. ಕೆಲವೇ ರೂಪಾಯಿಗಳ ಕೋಶವನ್ನು ಬದಲಾಯಿಸಿ ದಿನಾಂಕವನ್ನು ತಿದ್ದಿದರೆ ತಾಣಗಳು ತೆರೆದುಕೊಳ್ಳುತ್ತವೆ.

ಚಾಲೂ ಮಾಡಿದಾಗ ಪರದೆ ಕಪ್ಪಾಗಿಯೇ ಉಳಿದು, ಒಳಗಿನಿಂದ ಬೀಪ್ ಎಂಬ ಸದ್ದು ಮತ್ತೆ ಮತ್ತೆ ಕೇಳಿಬಂದರೆ, ಅನೇಕ ವೇಳೆ ರ‍್ಯಾಮ್ ಪಟ್ಟಿಯ ಸಂಪರ್ಕವು ಮಾಸಿರುತ್ತದೆ. ವಿದ್ಯುತ್ ಸಂಪರ್ಕವನ್ನು ತೆಗೆದು, ಪಟ್ಟಿಯನ್ನು ಹೊರಗೆಳೆದು, ಅದರ ಹೊಂಬಣ್ಣದ ಅಂಚನ್ನು ಮೃದುವಾದ ರಬ್ಬರಿನಿಂದ ಒರೆಸಿ, ಪುಡಿಯನ್ನು ಕೊಡವಿ, ಮತ್ತೆ ಗಟ್ಟಿಯಾಗಿ ಕೂರಿಸಿದರೆ ಸಾಕಾಗಬಹುದು. ಹತ್ತು ನಿಮಿಷ ನಡೆದು ತಾನಾಗಿ ನಿಂತುಹೋಗುವ ಯಂತ್ರದಲ್ಲಿ ಫ್ಯಾನಿಗೆ ಧೂಳು ಕಟ್ಟಿರುತ್ತದೆ, ಇಲ್ಲವೇ ಸಂಸ್ಕಾರಕದ ಮೇಲಿನ ಶಾಖವಾಹಕ ಲೇಪವು ಒಣಗಿರುತ್ತದೆ. ನಡೆಯುವುದೇ ನಿಧಾನವಾದರೆ, ತಿರುಗುವ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎಸ್‌ಎಸ್‌ಡಿ ಹಾಕಿಸಿದಾಗ ಹತ್ತು ಹನ್ನೆರಡು ವರ್ಷದ ಯಂತ್ರವೂ ಚುರುಕಾಗುತ್ತದೆ. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರತೊಡಗಿದರೆ ಮಾತ್ರ ಬೇರೆ ಪ್ರಯೋಗ ಮಾಡಕೂಡದು; ಮೊದಲು ಕಡತಗಳ ಪ್ರತಿಯನ್ನು ತೆಗೆದುಕೊಳ್ಳಬೇಕು.

ಇಂಥ ಪರೀಕ್ಷೆಗೆ ಒಂದು ಕ್ರಮವುಂಟು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಫಲವನ್ನು ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಂತ್ರವು ಸರಿಯಾದರೂ ದೋಷವು ಯಾವುದೆಂದು ತಿಳಿಯುವುದಿಲ್ಲ. ತನ್ನ ದೋಷಗಳನ್ನು ಒಂದೊಂದಾಗಿ ಹೆಸರಿಸಿ ಆಲೋಚನೆ ಮಾಡುವ ಅಭ್ಯಾಸವುಳ್ಳ ಶ್ರಾವಕನಿಗೆ ಈ ಕ್ರಮವು ಹೊಸದಲ್ಲ.

ಬದಲಾವಣೆಯ ಪರೀಕ್ಷೆ

ದ್ರವ್ಯವು ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದುದೆಂಬುದು ಜೈನ ತತ್ತ್ವ. ಆದ್ದರಿಂದ ಬದಲಾವಣೆಯನ್ನೇ ದೂಷಿಸುವುದು ಜೈನ ದೃಷ್ಟಿಗೆ ಒಗ್ಗದು. ಕೇಳಬೇಕಾದ ಪ್ರಶ್ನೆ ಇಷ್ಟು: ಹೊಸ ಪರ್ಯಾಯವು ಬಂದಾಗ ಬಳಸುವವನಿಗೆ ಧ್ರುವವಾಗಿ ಬೇಕಾದುದು ಉಳಿಯಿತೇ? ಪತ್ರ ಬರೆಯುವುದು, ಲೆಕ್ಕವಿಡುವುದು, ಕಡತವನ್ನು ಹುಡುಕಿ ತೆಗೆಯುವುದು ಇವು ಮೂವತ್ತು ವರ್ಷಗಳಿಂದ ಬದಲಾಗದ ಅಗತ್ಯಗಳು.

ಈ ಒರೆಗಲ್ಲಿಗೆ ಹಚ್ಚಿದರೆ ಕೆಲವು ಬದಲಾವಣೆಗಳು ನಿಲ್ಲುವುದಿಲ್ಲ. ೨೦೧೨ರಲ್ಲಿ ಬಂದ ವಿಂಡೋಸ್ ೮, ೧೯೯೫ರಿಂದ ಜನರ ಕೈಗೆ ರೂಢಿಯಾಗಿದ್ದ ಸ್ಟಾರ್ಟ್ ಗುಂಡಿಯನ್ನು ತೆಗೆದುಹಾಕಿತು. ಬೆರಳಿನಿಂದ ಮುಟ್ಟುವ ಪರದೆಗಳಿಗೆ ಒಪ್ಪುವ ವಿನ್ಯಾಸವನ್ನು ಇಲಿ ಹಿಡಿದು ಕೆಲಸ ಮಾಡುವವರ ಮೇಲೂ ಹೇರಿತು. ಮರುವರ್ಷವೇ ೮.೧ ಆವೃತ್ತಿಯಲ್ಲಿ ಆ ಗುಂಡಿಯು ಮರಳಿ ಬಂತು. ವಿಂಡೋಸ್ ೧೧ ಹೊರಬಂದಾಗ ಕಾರ್ಯಪಟ್ಟಿಯನ್ನು ಪರದೆಯ ಪಕ್ಕಕ್ಕೋ ಮೇಲಕ್ಕೋ ಸರಿಸುವ ಹಳೆಯ ಸೌಲಭ್ಯ ಇರಲಿಲ್ಲ. ತೆರೆದ ಕಡತಗಳ ಹೆಸರನ್ನು ಬಿಡಿಬಿಡಿಯಾಗಿ ತೋರಿಸುವ ಆಯ್ಕೆಯನ್ನೂ ಕೈಬಿಟ್ಟು, ೨೦೨೩ರಲ್ಲಿ ಮತ್ತೆ ಕೊಡಲಾಯಿತು. ತೆಗೆದುದನ್ನು ಹಿಂದಿರುಗಿಸಬೇಕಾಗಿ ಬಂದುದೇ ಅದನ್ನು ತೆಗೆಯುವ ಅಗತ್ಯವಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಈ ನಡುವೆ ಕಲಿತದ್ದನ್ನು ಮರೆತು ಮತ್ತೆ ಕಲಿಯಬೇಕಾದ ಶ್ರಮವು ಅರವತ್ತು ದಾಟಿದ ಗುಮಾಸ್ತನ ಪಾಲಿಗೆ ಬಿತ್ತು. ಆ ಶ್ರಮವನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಖರ್ಚೆಂದು ಬರೆಯುವುದಿಲ್ಲ.

ಭಾರದ ಮಾತೂ ಹೀಗೆಯೇ. ೨೦೦೧ರ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ ೬೪ ಮೆಗಾಬೈಟ್ ರ‍್ಯಾಮ್ ಸಾಕೆಂದು ಹೇಳಲಾಗಿತ್ತು. ವಿಂಡೋಸ್ ೧೧ಕ್ಕೆ ಕನಿಷ್ಠ ೪ ಗಿಗಾಬೈಟ್ ಬೇಕು. ಇದು ಅರವತ್ತನಾಲ್ಕು ಪಟ್ಟು. ಪತ್ರ ಬರೆಯುವ ಕೆಲಸವು ಅರವತ್ತನಾಲ್ಕು ಪಟ್ಟು ಹೆಚ್ಚಿಲ್ಲ. ಪರಿಮಿತ ಪರಿಗ್ರಹ ವ್ರತದ ಅತಿಚಾರಗಳನ್ನು ಎಣಿಸುವಾಗ ಆಚಾರ್ಯರು ಅತಿವಾಹನ, ಅತಿಸಂಗ್ರಹ, ಅತಿಭಾರವಹನಗಳನ್ನು ಹೆಸರಿಸಿದ್ದಾರೆ. ಅತಿಸಂಗ್ರಹಕ್ಕೂ ಇಲ್ಲಿ ದೃಷ್ಟಾಂತವುಂಟು. ಪರದೆಯ ಮೇಲೆ ಕಂಡದ್ದನ್ನೆಲ್ಲ ಆಗಾಗ ಚಿತ್ರ ತೆಗೆದು ಕೂಡಿಡುವ 'ರಿಕಾಲ್' ಎಂಬ ಸೌಲಭ್ಯವನ್ನು ಮೈಕ್ರೋಸಾಫ್ಟ್ ೨೦೨೪ರ ಮೇ ತಿಂಗಳಲ್ಲಿ ಪ್ರಕಟಿಸಿತು. ಆಕ್ಷೇಪಗಳು ಬಂದ ಮೇಲೆ ಅದನ್ನು ಮುಂದೂಡಿ, ಬಳಸುವವನು ತಾನಾಗಿ ಒಪ್ಪಿದರೆ ಮಾತ್ರ ನಡೆಯುವಂತೆ ಬದಲಾಯಿಸಿ, ೨೦೨೫ರಲ್ಲಿ ಕೊಟ್ಟಿತು. ಮೊದಲು ಕೇಳಬೇಕಾದ ಒಪ್ಪಿಗೆಯನ್ನು ಆಕ್ಷೇಪಣೆಯ ನಂತರ ಕೇಳಿದಂತಾಯಿತು.

ಇನ್ನೊಂದು ನಯ

ಒಂದೇ ನಯವನ್ನು ಹಿಡಿದು ತೀರ್ಪು ಕೊಡುವುದು ಏಕಾಂತವಾಗುತ್ತದೆ. ತಯಾರಕರ ನಯವನ್ನೂ ಕೇಳಬೇಕು. ೨೦೧೭ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಜಗತ್ತಿನಾದ್ಯಂತ ಹರಡಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ನಿಂತವು. ಅದು ನುಗ್ಗಿದ ರಂಧ್ರವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು. ತೇಪೆ ಹಾಕಿಕೊಳ್ಳದ ಯಂತ್ರಗಳೇ ಅದಕ್ಕೆ ಬಲಿಯಾದವು. ೨೦೧೪ರಲ್ಲಿಯೇ ಬೆಂಬಲ ಮುಗಿದಿದ್ದ ಎಕ್ಸ್‌ಪಿಗೂ ಆಗ ಸಂಸ್ಥೆಯು ಉಚಿತ ತೇಪೆಯನ್ನು ಕೊಟ್ಟಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಟಿಪಿಎಂ ಬಿಲ್ಲೆಯೂ ನಿರರ್ಥಕವಲ್ಲ; ಡಿಸ್ಕಿನ ಬೀಗದ ಕೈಯನ್ನು ಅದು ಕಾಪಾಡುತ್ತದೆ. ಬೆಂಬಲವಿಲ್ಲದ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿ ಇತರರ ಖಾತೆಗಳನ್ನು ನಡೆಸುವುದು ಮಿತವ್ಯಯವಲ್ಲ, ಪ್ರಮಾದ. ತನ್ನ ಅಜಾಗರೂಕತೆಯಿಂದ ಗಿರಾಕಿಯ ಹಣಕ್ಕೆ ಕುತ್ತು ಬಂದರೆ ಅಪರಿಗ್ರಹದ ಹೆಸರು ಹೇಳಿ ತಪ್ಪಿಸಿಕೊಳ್ಳಲಾಗದು.

ಆದ್ದರಿಂದ ಮಧ್ಯದ ದಾರಿಯನ್ನು ಹುಡುಕಬೇಕು. ಅಂತರ್ಜಾಲದ ಕೆಲಸಕ್ಕೆ ಹಳೆಯ ಯಂತ್ರದಲ್ಲಿ ಲಿನಕ್ಸ್ ಮಿಂಟ್‌ನಂತಹ ಹಗುರವಾದ, ಉಚಿತವಾದ, ಈಗಲೂ ತೇಪೆಗಳು ದೊರೆಯುವ ವ್ಯವಸ್ಥೆಯನ್ನು ಹಾಕಿಕೊಳ್ಳಬಹುದು. ಅಲ್ಲಿಯೂ ಗೆರೆಗಳಿವೆ, ಉಬುಂಟು ೨೦೧೯ರಲ್ಲಿ ೩೨ ಬಿಟ್ಟಿನ ಹಳೆಯ ಸಂಸ್ಕಾರಕಗಳನ್ನು ಕೈಬಿಟ್ಟಿತು. ಆದರೆ ಆ ಗೆರೆ ಬಹಳ ಹಿಂದಿನ ಯಂತ್ರಗಳಿಗೆ ತಾಗುವಂಥದು, ಐದು ವರ್ಷದವಕ್ಕಲ್ಲ. ಲೆಕ್ಕಪತ್ರದ ಹಲವು ತಂತ್ರಾಂಶಗಳು ವಿಂಡೋಸ್‌ಗೆಂದೇ ರಚಿತವಾದವು. ಅಂತರ್ಜಾಲವಿಲ್ಲದೆ ನಡೆಯುವಂಥವಾದರೆ ಅವನ್ನು ಹಳೆಯ ಯಂತ್ರದಲ್ಲಿಯೇ ಇಟ್ಟು, ಜಾಲದ ತಂತಿಯನ್ನು ಕಳಚಿ ಬಳಸಬಹುದು. ಇವೆರಡೂ ಸಾಧ್ಯವಾಗದಿದ್ದರೆ ಮಾತ್ರ ಹೊಸದನ್ನು ಕೊಳ್ಳುವುದು ಯುಕ್ತ.

ವಿಸರ್ಜನೆಯ ಹಿಂಸೆ

ಗಣಕಯಂತ್ರವು ಅಜೀವ, ಅದನ್ನು ಎಸೆದರೆ ಅದಕ್ಕೆ ನೋವಿಲ್ಲ. ಹಿಂಸೆಯಿರುವುದು ಅದರ ಹುಟ್ಟಿನಲ್ಲಿ ಮತ್ತು ವಿಸರ್ಜನೆಯಲ್ಲಿ. ಭೂಮಿಯನ್ನು ಅಗೆದು ತೆಗೆದ ತಾಮ್ರ, ಚಿನ್ನ, ತವರಗಳು ಅದರಲ್ಲಿವೆ. ಹೊರಗೆಸೆದ ಮೇಲೆ ತಂತಿಯನ್ನು ಬಯಲಿನಲ್ಲಿ ಸುಟ್ಟು ತಾಮ್ರವನ್ನೂ, ಫಲಕವನ್ನು ಆಮ್ಲದಲ್ಲಿ ಅದ್ದಿ ಚಿನ್ನವನ್ನೂ ತೆಗೆಯುವ ಬಡವರ ಕೈಗಳಿವೆ. ಆ ಹೊಗೆ ಮತ್ತು ನೀರು ಸೇರುವ ವಾಯುಕಾಯ, ಅಪ್ಕಾಯ ಜೀವಗಳಿವೆ. ವಿಶ್ವಸಂಸ್ಥೆಯ ಸಂಸ್ಥೆಗಳು ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ ೨೦೨೨ರಲ್ಲಿ ಜಗತ್ತು ೬.೨ ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಹುಟ್ಟಿಸಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಯಿತೆಂದು ದಾಖಲಾದದ್ದು ಶೇಕಡ ೨೨.೩ ಮಾತ್ರ. ಅನರ್ಥದಂಡವ್ರತವು ತಡೆಯುವ ಪ್ರಮಾದಚರ್ಯೆಗೆ, ಅಂದರೆ ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆಡಿಸುವುದಕ್ಕೆ, ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಭಾರತದಲ್ಲಿ ೨೦೨೩ರ ಏಪ್ರಿಲ್‌ನಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಮರುಬಳಕೆಯ ಹೊಣೆಯನ್ನು ಹೊರಿಸಿವೆ. ಆದರೆ ಕೊಳ್ಳುವವನು ಕೊಳ್ಳುವ ಮೊದಲೇ ತನ್ನ ಹೊಣೆಯನ್ನು ನೆನೆಯುವುದು ಹೆಚ್ಚಿನದು.

ಪ್ರತಿ ಮಾಡುವ ಧರ್ಮ

ಇಷ್ಟಾದರೂ ಹಳೆಯ ಯಂತ್ರವು ಒಂದು ದಿನ ನಿಲ್ಲುತ್ತದೆ. ಅದರೊಳಗೆ ಏನಿದೆ ಎಂಬುದು ಯಂತ್ರಕ್ಕಿಂತ ದೊಡ್ಡ ಪ್ರಶ್ನೆ. ಬಸದಿಗಳ ಲೆಕ್ಕ, ಟ್ರಸ್ಟುಗಳ ನಡವಳಿ, ಪಂಚಕಲ್ಯಾಣದ ಸ್ಮರಣಸಂಚಿಕೆಗಳು, ಪೂಜಾಪಾಠದ ಪುಸ್ತಕಗಳು ಕಳೆದ ಎರಡು ಮೂರು ದಶಕಗಳಲ್ಲಿ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದವು. ಅವು ಯೂನಿಕೋಡ್ ಅಲ್ಲ. ಆ ಅಕ್ಷರವಿನ್ಯಾಸವಿಲ್ಲದ ಹೊಸ ಯಂತ್ರದಲ್ಲಿ ಆ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ನೋಡಿದವರು ಕಡತ ಕೆಟ್ಟಿದೆಯೆಂದು ಅಳಿಸಿಬಿಡುತ್ತಾರೆ. ಅದು ಕೆಟ್ಟಿರುವುದಿಲ್ಲ, ಓದುವ ಕೀಲಿ ಮಾತ್ರ ಕಳೆದಿರುತ್ತದೆ.

ಈ ಸಮಾಜಕ್ಕೆ ಇಂಥ ಸಂಕಟ ಹೊಸದಲ್ಲ. ಮೂಡಬಿದಿರೆಯ ಬಸದಿಯಲ್ಲಿ ಧವಲಾದಿ ಸಿದ್ಧಾಂತ ಗ್ರಂಥಗಳು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಉಳಿದವು. ಗರಿಗಳು ಜೀರ್ಣವಾಗುತ್ತಿರುವಾಗ, ೧೯ನೆಯ ಶತಮಾನದ ಕೊನೆಯಲ್ಲಿ, ಅವನ್ನು ಕಾಗದಕ್ಕೆ ಪ್ರತಿ ಮಾಡುವ ಕಾರ್ಯವು ಆರಂಭವಾಯಿತು; ೧೯೩೯ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟವು ಅಚ್ಚಾಯಿತು. ಅದಕ್ಕೂ ಬಹು ಹಿಂದೆ, ಹತ್ತನೆಯ ಶತಮಾನದಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಅವರಾರೂ ಗರಿಯನ್ನು ಪೂಜಿಸಿ ಗ್ರಂಥವನ್ನು ಕಳೆದುಕೊಳ್ಳಲಿಲ್ಲ. ಪ್ರತಿ ಸಿದ್ಧವಾಗುವ ಮೊದಲು ಗರಿಯನ್ನು ಎಸೆಯಲೂ ಇಲ್ಲ.

ಹಳೆಯ ಗಣಕಯಂತ್ರದ ವಿಷಯದಲ್ಲಿಯೂ ಇದೇ ಕ್ರಮವು ಸಲ್ಲುತ್ತದೆ. ಅದು ನಡೆಯುತ್ತಿರುವಾಗಲೇ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರಗಳನ್ನೂ ರೇಫವನ್ನೂ ಒಬ್ಬರು ಕುಳಿತು ತಿದ್ದಿ, ಎರಡು ಬೇರೆ ಸ್ಥಳಗಳಲ್ಲಿ ಪ್ರತಿಗಳನ್ನು ಇಡಬೇಕು. ಇಂದಿನ ಶಾಸ್ತ್ರದಾನದ ಒಂದು ರೂಪವಿದು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಹಳೆಯ ಯಂತ್ರ ಇನ್ನೊಂದು ವರ್ಷ ನಡೆದರೆ ಸಾಕು. ಆ ಒಂದು ವರ್ಷಕ್ಕಾಗಿ ಗಡಿಯಾರದ ಕೋಶವನ್ನು ಬದಲಾಯಿಸುವುದು, ಧೂಳನ್ನು ಒರೆಸುವುದು, ರ‍್ಯಾಮ್ ಪಟ್ಟಿಯನ್ನು ಸರಿಯಾಗಿ ಕೂರಿಸುವುದು ಯಾವ ಬಸದಿಯ ಕಚೇರಿಗೂ ಭಾರವಾಗದು.