ಸಿಂಬಿ ಯಾವ ವಿಭಾಗಕ್ಕೆ ಸೇರಿದ್ದು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆಯಿಂದ ಚಿತ್ರ ಕಲಿಯಲು ಹೊರಡುವ ಹುಡುಗರಿಗೆ ಹತ್ತಿರವಾಗುವುದು 1964ರಲ್ಲಿ ಶುರುವಾದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ. ನಮ್ಮ ರಾಜ್ಯದ ಕಲಾಶಾಲೆಗಳಲ್ಲಿ ಮೊದಲು ಎಲ್ಲರಿಗೂ ಒಂದೇ ಬುನಾದಿ ಪಾಠ. ಆಮೇಲೆ ಚಿತ್ರಕಲೆಯವರು ಒಂದು ಕಡೆ, ಅನ್ವಯಿಕ ಕಲೆಯವರು ಇನ್ನೊಂದು ಕಡೆ. ನನ್ನ ತಕರಾರು ಈ ನಡುಗೋಡೆಯ ಬಗ್ಗೆ.

ಯಾವುದೇ ವಾರ್ಷಿಕ ಪ್ರದರ್ಶನಕ್ಕೆ ಹೋಗಿ ನೋಡಿ. ಲಂಬಾಣಿ ಹೆಂಗಸಿನ ತೈಲಚಿತ್ರ ಒಂದಾದರೂ ಸಿಕ್ಕೀತು. ಪಕ್ಕದ ಕೋಣೆಯ ಪ್ರವಾಸೋದ್ಯಮ ಪೋಸ್ಟರಿನಲ್ಲೂ ಅವಳೇ. ಅವಳ ಹೊಲಿಗೆ ಮಾತ್ರ ಎರಡೂ ಕೋಣೆಯವರ ಪಠ್ಯದಲ್ಲಿಲ್ಲ.

ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು, ಅಂದರೆ ಇದೇ ಲಂಬಾಣಿಗರು, ನಡೆದುಕೊಳ್ಳುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲೇ. ತಾಂಡಾದ ಹಿಂದಿನ ತಲೆಮಾರಿನ ಹೆಂಗಸರು ಕೊಡ ಹೊರಲು ತಲೆಯ ಮೇಲಿಟ್ಟುಕೊಳ್ಳುತ್ತಿದ್ದ ಸಿಂಬಿಯನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕು. ಬಿಗಿಯಾಗಿ ಸುತ್ತಿದ ಬಟ್ಟೆ, ಅದರ ಮೇಲೆ ಸಾಲುಗಟ್ಟಿದ ಕವಡೆ. ಹಿಂದಕ್ಕೆ ಇಳಿಬಿದ್ದ ಚೌಕದಲ್ಲಿ ಒತ್ತೊತ್ತಾಗಿ ಓಡಿಸಿದ ದಾರ, ಕನ್ನಡಿಬಿಲ್ಲೆ, ಅಂಚಿಗೆ ಮತ್ತೆ ಕವಡೆ. ಒತ್ತು ಹೊಲಿಗೆಯಿಂದ ಬಟ್ಟೆಗೆ ಗಟ್ಟಿತನ ಬರುತ್ತದೆ. ಕವಡೆಯ ಭಾರಕ್ಕೆ ಅಂಚು ಗಾಳಿಗೆ ಹಾರದೆ ಬೆನ್ನಿಗೆ ನೇರ ಇಳಿಯುತ್ತದೆ. ಅಂದವೂ ಲೆಕ್ಕಾಚಾರವೂ ಒಂದೇ ಸೂಜಿಯಿಂದ ಬಂದವು. ಇದನ್ನು ಯಾವ ವಿಭಾಗದ ಪರೀಕ್ಷಕರ ಮುಂದಿಡುವುದು?

ಕಲೆಗೆ ಡಿಸೈನ್ ಸೇರಿಸುತ್ತೇವೆಂದು ಹೊರಟವರ ಕೆಲಸವೂ ಎಲ್ಲ ಕಡೆ ಒಂದೇ ಮಟ್ಟದ್ದಲ್ಲ. ಸಂಡೂರಿನ ಕುಶಲ ಕಲಾ ಕೇಂದ್ರದಿಂದ ಹೆಂಗಸರ ಕೈಗೆ ನಾಲ್ಕು ಕಾಸು ಬಂದಿದೆ, ಅಲ್ಲಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಅದು ಸಣ್ಣ ಮಾತಲ್ಲ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ತುಣುಕುಗಳು ಗಿನ್ನೆಸ್ ದಾಖಲೆ ಸೇರಿದವು. ಆದರೆ ಪೇಟೆಯಲ್ಲಿ ಈ ಕಸೂತಿಯ ಹೆಸರಲ್ಲಿ ಬಿಕರಿಯಾಗುವ ಬಹಳಷ್ಟು ಮಾಲು ದಿಂಬಿನ ಕವರಿಗೋ ಮೊಬೈಲ್ ಚೀಲಕ್ಕೋ ಹಚ್ಚಿದ ತೇಪೆ. ಕವಡೆಯನ್ನು ಅಲ್ಲೇ ಯಾಕೆ ಹೊಲಿದರು ಎಂದು ಕೇಳದೆ ಡಿಸೈನ್ ಮಾಡಿದರೆ ಆಗುವುದೇ ಇದು.

ಈ ಚರ್ಚೆ ಬಂದಾಗಲೆಲ್ಲ ಕಲೆಯನ್ನೂ ಕುಶಲಕೆಲಸವನ್ನೂ ಒಟ್ಟಿಗೆ ಕಲಿಸಿದ 1919ರ ಜರ್ಮನಿಯ ಬೌಹೌಸ್ ಶಾಲೆಯ ಹೆಸರು ಹೇಳುವುದು ನಮ್ಮಲ್ಲೊಂದು ಮಡಿಯಂತಾಗಿದೆ. ಅದಕ್ಕೂ ಮೊದಲೇ ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರ ಬರೆಯುವವರೂ ಮರಗೆತ್ತನೆ ಮಾಡುವವರೂ ಒಂದೇ ಸೂರಿನಡಿ ಕಲಿಯುತ್ತಿದ್ದರು. ನಮಗೆ ಗೊತ್ತಿದ್ದದ್ದನ್ನೇ ಬಿಟ್ಟು ಕೂತಿದ್ದೇವೆ.

ಹೊಲಿಗೆಯಷ್ಟೇ ಅಲ್ಲ, ಕಲ್ಲಿನ ಕೆಲಸದಲ್ಲೂ ಇದೇ ಕತೆ. ಸಂತೆಬೆನ್ನೂರಿನ ಪುಷ್ಕರಣಿಯನ್ನು ಸ್ಕೆಚ್ ಮಾಡಲು ಹೋಗುವ ವಿದ್ಯಾರ್ಥಿ ನೀರಿನ ನಡುವಿನ ವಸಂತ ಮಂಟಪವನ್ನು ಬರೆದು ಏಳುತ್ತಾನೆ. ನೀರು ಏರಿದಾಗಲೂ ಇಳಿದಾಗಲೂ ಕಾಲಿಗೆ ಸಿಗುವ ಮೆಟ್ಟಿಲಿನ ಎತ್ತರ, ಅಗಲ ಅಳೆದು ಬಾ ಎಂದು ಅವನಿಗೆ ಹೇಳಿ ಕಳಿಸಿದವರು ಅಪರೂಪ.

ತಾಂಡಾದ ಹೆಂಗಸನ್ನು ಪಾಠಕ್ಕೆ ಕರೆಯೋಣವೆಂದರೆ ಪದವಿ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಸ್ಥಳೀಯ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಕಾಲೇಜಿಗೆ ಕರೆಸಿ ಪಾಠ ಹೇಳಿಸಬಹುದೆಂದು ಯುಜಿಸಿ 2023ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹಾಗಾಗಿ ಆ ನೆಪ ಇನ್ನು ನಡೆಯದು. ಕರೆದರೆ ಗೌರವಧನ ಕೊಡಬೇಕು; ಎರಡೂ ವಿಭಾಗದ ಹುಡುಗರನ್ನು ಅವಳ ಎದುರು ಒಂದೇ ಚಾಪೆಯ ಮೇಲೆ ಕೂರಿಸಿ, ಆ ಕೆಲಸಕ್ಕೆ ಒಂದೇ ಅಂಕಪಟ್ಟಿ ಬರೆಯಬೇಕು.